ಹದ್ದಿಗೆ ಬಿಸಿನೀರು

ಅಪ್ಪತ್ತಾ ಬಿದ್ದದ್ದು ದನದ ಕೊಟ್ಟಿಗೆಯಲ್ಲಿ. ತಂದು ಮಲಗಿಸಿದ್ದೂ ಅದರ ಪಕ್ಕದ ಕೋಣೆಯಲ್ಲೇ. ಅಪ್ಪನ ತಾಯಿಯನ್ನು ನಾವು ಅಪ್ಪತ್ತಾ ಅನ್ನುತ್ತೇವೆ; ಮಾತು ತಮಿಳಿನದು, ಮುದುಕಿ ನಮ್ಮವಳು. ಎಮ್ಮೆ ಹಗ್ಗ ಎಳೆದಾಗ ಅದು ಕಾಲಿಗೆ ಸುತ್ತಿಕೊಂಡು ಬಿದ್ದಳು, ಸೊಂಟ ಮುರಿಯಿತು. ಗಾಡಿಯಲ್ಲಿ ಹಾಕಿ ತೇನಿಯ ಆಸ್ಪತ್ರೆಗೆ ಒಯ್ದರು, ಈ ವಯಸ್ಸಿಗೆ ಮೂಳೆ ಕೂಡುವುದಿಲ್ಲವಂತೆ ಎಂದು ಅದೇ ಗಾಡಿಯಲ್ಲಿ ವಾಪಸು ತಂದರು. ಕಂಬಂ ಕಣಿವೆಯ ಆ ಊರಿನಲ್ಲಿ ನಮ್ಮದೇನು ಸಣ್ಣ ಮನೆಯಲ್ಲ. ಭತ್ತಕ್ಕೆ ಒಂದು ಕೋಣೆ, ದೇವರ ಪೆಟ್ಟಿಗೆಗೆ ಒಂದು ಕೋಣೆ, ನಡುಮನೆಯಲ್ಲಿ ಅಪ್ಪನ ಸೈಕಲ್ಲು ನಿಲ್ಲಲು ಒಂದು ಮೂಲೆ. ಸೈಕಲ್ಲಿಗೆ ಒಳಗೆ ಜಾಗವಿತ್ತು. ಅದನ್ನು ಕೊಳ್ಳಲು ತನ್ನ ಕಿವಿಯ ಓಲೆ ಬಿಚ್ಚಿಕೊಟ್ಟವಳಿಗೆ ಇರಲಿಲ್ಲ. ಹತ್ತಿಬೀಜದ ಮೂಟೆಗಳನ್ನು ಪಕ್ಕಕ್ಕೆ ತಳ್ಳಿ, ಚಾಪೆ ಹಾಸಿ, ಇಲ್ಲಿ ಗಾಳಿ ಚೆಂದಾಗೈತೆ ಅಂದ ಅಪ್ಪ. ಗಾಳಿ ಚೆನ್ನಾಗಿಯೇ ಇತ್ತು. ಗಂಜಲದ ಮೇಲಿಂದ ಬರುತ್ತಿತ್ತು.

ಇದನ್ನು ಬರೆದುಕೊಳ್ಳುತ್ತಿರುವವಳು ನನ್ನ ಮೊಮ್ಮಗನ ಹೆಂಡತಿ, ಚಾಮರಾಜನಗರದ ಕಡೆಯ ಹುಡುಗಿ. ನನಗೆ ಕನ್ನಡದ ಅಕ್ಷರ ಬಾರದು. ತಮಿಳಿನ ಅಕ್ಷರವೂ ಬಸ್ಸಿನ ಬೋರ್ಡು ಓದುವಷ್ಟೇ. ಓದುವವರಿಗೆ ತಿಳಿಯುವಂತೆ ನನ್ನ ಮಾತು ತಿದ್ದಿಕೋ, ಸಿಟ್ಟನ್ನು ಮಾತ್ರ ತಿದ್ದಬೇಡ ಎಂದು ಹೇಳಿದ್ದೇನೆ.

ಮೊದಲು ನಮ್ಮ ಮನೆಯ ಮಾತಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಹಿರಿಯರು ಯಾವ ಕಾಲದಲ್ಲೋ ಕನ್ನಡದ ಸೀಮೆಯಿಂದ ದನ ಹೊಡೆದುಕೊಂಡು ಈ ಕಡೆ ಬಂದವರು. ಬೀದಿಯಲ್ಲಿ ತಮಿಳು, ಹೊಸಿಲು ದಾಟಿದರೆ ಕನ್ನಡ. ಅದರಿಂದ ನಮಗೊಂದು ಕೆಟ್ಟ ಚಟ ಅಂಟಿತ್ತು. ಆಂಡಿಪಟ್ಟಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನ ಎದುರೇ ನಿಂತು, ಇವನ ಮೋರೆ ನೋಡು, ತೂಕದಾಗೆ ಕದೀತಾನೆ, ಬಾ ಹೋಗಾನ ಎಂದು ಅವ್ವ ನಗುನಗುತ್ತ ಹೇಳುತ್ತಿದ್ದಳು. ಅವನೂ ನಗುತ್ತಿದ್ದ. ಬೇರೆ ಜನ ಬೆನ್ನ ಹಿಂದೆ ಆಡುವುದನ್ನು ನಾವು ಮುಖದೆದುರೇ ಆಡುತ್ತಿದ್ದೆವು. ಯಾರೂ ತಿರುಗಿ ನಿಲ್ಲಬೇಕಾಗಿರಲಿಲ್ಲ; ಕನ್ನಡ ಆಡಿದರೆ ಸಾಕು, ಎದುರಿಗಿದ್ದವರ ಮುಖವೇ ಬೆನ್ನಾಗಿಬಿಡುತ್ತಿತ್ತು. ಹೊಲದಲ್ಲಿ, ಕಾಲುವೆಯಲ್ಲಿ, ಜಗಲಿಯಲ್ಲಿ ಊರಿಗೆಲ್ಲ ಕೇಳುವಂತೆ ತಲೆಮಾರುಗಳ ಕಾಲ ಕೂಗಾಡಿಕೊಂಡು ಬಂದ ಮಾತು ಊರಿನ ಒಬ್ಬರ ಕಿವಿಗೂ ಹೊಕ್ಕಿಲ್ಲ ಎಂದು ನಂಬಿದ್ದ ದಡ್ಡರು ನಾವು.

ಅಪ್ಪತ್ತಾ ಮಲಗಿದಲ್ಲೇ ಎಲ್ಲ ಆಗಬೇಕಿತ್ತು. ಎತ್ತಬೇಕು, ತೊಳೆಯಬೇಕು, ಬಟ್ಟೆ ಬದಲಿಸಬೇಕು. ಅಪ್ಪನೂ ಚಿಕ್ಕಪ್ಪನೂ ಅದು ಹೆಂಗಸರ ಕೆಲಸ ಅಂದುಕೊಂಡು ಜಗಲಿಯ ಮೇಲೆ ಕೂತರು. ಹೆಂಗಸರು ಇಬ್ಬರು: ನನ್ನ ಅವ್ವ, ಚಿಕ್ಕಪ್ಪನ ಹೆಂಡತಿ ಚಿಕ್ಕವ್ವ. ದಿನ ಬೆಳಗಾದರೆ ಒಲೆಯ ಮುಂದೆ ಜಗಳ.

“ಅಕ್ಕ, ನಂಗೆ ಕಂಕುಳಾಗೆ ಕೂಸು. ಕೂಸ ಮುಟ್ಟೋ ಕೈಯಾಗೆ ಅದ ಮುಟ್ಲಾ?”

“ಮುದ್ದೆ ತೊಳಸೋ ಕೈ ನಂದು. ತೊಳೆದು ಬಂದು ಅದೇ ಕೈಯಾಗೆ ನಿನ್ನ ಗಂಡಂಗೂ ಬಡಿಸ್ತೀನಿ, ಉಣ್ಣಾಕೆ ಹೇಳು.”

“ನಿಮ್ಮತ್ತೆ ನಿಂಗೆ ಮೊದ್ಲು ಅತ್ತೆ ಆದೋಳು. ನಾ ಆಮೇಲೆ ಬಂದೋಳು.”

ಈ ಜಗಳ ಮುಗಿಯುವ ಹೊತ್ತಿಗೆ ಹೊತ್ತೇರಿರುತ್ತಿತ್ತು. ಅಪ್ಪತ್ತಾ ಒದ್ದೆಯಲ್ಲೇ ಮಲಗಿರುತ್ತಿದ್ದಳು. ಅವಳು ಒಳ್ಳೆಯ ಮುದುಕಿಯಾಗಿದ್ದಳು ಎಂದು ನಾನು ಹೇಳುವುದಿಲ್ಲ. ಕಣದಲ್ಲಿ ಚೆಲ್ಲಿದ ಕಾಳು ಆಯಲು ಬಂದ ಹೆಂಗಸರನ್ನು ಬಾರುಕೋಲು ಹಿಡಿದು ಅಟ್ಟಿದವಳು. ಆದರೂ ಬೆನ್ನು ಬೆನ್ನೇ. ಮೊದಲು ಕೆಂಪಾಯಿತು, ಆಮೇಲೆ ಚರ್ಮ ಬಿಟ್ಟಿತು, ಆಮೇಲೆ ನೊಣ. ಶಾಲೆ ಬಿಡಿಸಿ ನನ್ನನ್ನು ಮನೆಯಲ್ಲಿಟ್ಟಿದ್ದರು. ನೊಣ ಓಡಿಸುವ ಕೆಲಸ ನನ್ನದು. ನೋಡಲು ಬಂದ ನೆಂಟರು ಜಗಲಿಯಿಂದಲೇ ಕೊರಳು ಚಾಚಿ, ಅಯ್ಯೋ ಅಂದು, ಕಾಪಿ ಕುಡಿದು ಹೋಗುತ್ತಿದ್ದರು.

ಕಾಲುವೆಯ ಆಚೆ ಮಾದಾಕೋವಿಲ್ ಬೀದಿ. ಮಾತೆಯ ಗುಡಿ, ಅಂದರೆ ಚರ್ಚು, ಇದ್ದದ್ದರಿಂದ ಆ ಹೆಸರು. ಅಲ್ಲಿದ್ದವರು ಕ್ರೈಸ್ತರು, ನಮ್ಮಂಥವರ ಗದ್ದೆಗಳಲ್ಲಿ ಕೂಲಿ ಮಾಡುವ ತಮಿಳು ಜನ. ಭಾನುವಾರದ ಪೂಜೆ ಮುಗಿದ ಮೇಲೆ ಆ ಹೆಂಗಸರು ಬೇವಿನ ಮರದ ಕೆಳಗೆ ಕೂತು, ಊರಿನಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮನೆಗೆ ಯಾರು ಹೋಗುವುದು ಎಂದು ಹಂಚಿಕೊಳ್ಳುತ್ತಿದ್ದರಂತೆ. ಒಬ್ಬಳು ಕುರುಡನಿಗೆ ಗಂಜಿ ಒಯ್ದರೆ ಇನ್ನೊಬ್ಬಳು ಬಾಣಂತಿಯ ಬಟ್ಟೆ ಒಗೆಯುವುದು. ಹಾಗೆ ನಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತವಳು ಸೂಸಮ್ಮ. ಕಪ್ಪಗೆ, ಎತ್ತರಕ್ಕೆ, ಮುಂದಿನ ಒಂದು ಹಲ್ಲು ಇಲ್ಲದ ಹೆಂಗಸು. ಗಾಳಿಯಲ್ಲಿ ನಾತ ಬತ್ತಾ ಇತ್ತು, ಅದಕ್ಕೆ ಬಂದೆ ಎಂದು ತಮಿಳಿನಲ್ಲಿ ನೇರವಾಗಿ ಹೇಳಿದಳು. ಅಪ್ಪನಿಗೆ ಅವಮಾನವಾಯಿತು. ಆದರೆ ನಾತ ಅವಮಾನಕ್ಕಿಂತ ದೊಡ್ಡದಿತ್ತು.

“ಹಿತ್ಲ ಕಡೆಯಿಂದ್ಲೇ ಬಂದು ಹಿತ್ಲ ಕಡೆಯಿಂದ್ಲೇ ಹೋಗ್ಬೇಕು. ಜಪ ಗಿಪ ಇಲ್ಲಿ ಕೂಡದು” ಅಂದ ಅಪ್ಪ, ಅವನೂ ತಮಿಳಿನಲ್ಲಿ.

“ಜಪ ಮನೇಲೇ ಮುಗಿಸ್ಕೊಂಡು ಬರ್ತೀನಿ ಅಯ್ಯಾ. ಇಲ್ಲಿ ಸುಡುತಣ್ಣಿ ಕೊಟ್ರೆ ಸಾಕು.”

ಸುಡುತಣ್ಣಿ ಅಂದರೆ ಬಿಸಿನೀರು. ಅವಳು ನಮ್ಮ ಮನೆಯಲ್ಲಿ ಕೇಳಿದ್ದು ಅದೊಂದನ್ನೇ.

ಬೇವಿನ ಸೊಪ್ಪು ಅವಳೇ ತರುತ್ತಿದ್ದಳು, ನೀರಿಗೆ ಹಾಕಿ ಮುಚ್ಚುತ್ತಿದ್ದಳು. ನಮ್ಮದೇ ತೋಟದ ಬಾಳೆಯ ಎಳೆ ಸುಳಿ ಕೊಯ್ದು, ಹಸಿ ಮೈ ಅಂಟಿಕೊಳ್ಳದಂತೆ ಎಣ್ಣೆ ಸವರಿ ಚಾಪೆಯ ಮೇಲೆ ಹಾಸುತ್ತಿದ್ದಳು. ಅಪ್ಪತ್ತಾಳ ಒಂದು ಮೊಣಕಾಲು ಮಡಿಸಿ, ಭುಜಕ್ಕೆ ಕೈ ಕೊಟ್ಟು, ಮರದ ದಿಮ್ಮಿ ಉರುಳಿಸಿದಂತಲ್ಲ, ನಿದ್ದೆಯಲ್ಲಿರುವ ಕೂಸನ್ನು ಮಗ್ಗುಲು ಮಾಡಿದಂತೆ ತಿರುಗಿಸುತ್ತಿದ್ದಳು. ಮೊದಲ ದಿನ ಅಪ್ಪತ್ತಾ, ಮುಟ್ಟಬೇಡ್ವೇ ನನ್ನ, ದೂರ ಹೋಗು ಎಂದು ಕನ್ನಡದಲ್ಲಿ ಅರಚಿದಳು. ಇವಳು ತಿಳಿಯದವಳಂತೆ ತೊಳೆದು ಹೋದಳು. ಕುಡಿಯಲು ನೀರು ಕೇಳಿದರೆ ಅವ್ವ ಇವಳಿಗೆ ತೆಂಗಿನ ಚಿಪ್ಪಿನಲ್ಲಿ ಮೇಲಿಂದ ಸುರಿಯುತ್ತಿದ್ದಳು. ಮನೆಯ ಮುದುಕಿಯ ಗಾಯ ಮುಟ್ಟಬಹುದು, ಮನೆಯ ಲೋಟ ಮುಟ್ಟಬಾರದು.

ಅವ್ವನೂ ಚಿಕ್ಕವ್ವನೂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಲ್ಲಿಯವರೆಗೆ ಕಚ್ಚಾಡುತ್ತಿದ್ದವರು ಈಗ ಒಂದಾಗಿದ್ದರು. ಅವಳಿಗೊಂದು ಹೆಸರಿಟ್ಟರು. ತಮಿಳರಿಗೆ ತಿಳಿಯದ ಹೆಸರಾಗಬೇಕು. ಕಾಗೆ ಅಂದರೆ ತಿಳಿದುಬಿಡುತ್ತದೆ, ಅವರದೂ ಅದೇ ಮಾತು. ಚಿಕ್ಕವ್ವ ಹುಡುಕಿದ್ದು ಹದ್ದು. ಸಾಯುವವರ ಮೇಲೆ ಸುತ್ತುವ ಹಕ್ಕಿ.

“ಹದ್ದು ಬಂತಕ್ಕ, ನೀರಿಡು.”

“ನೋಡೇ, ಒಂಚೂರಾದ್ರೂ ಹೇಸಿಗೆ ಪಡ್ತದಾ. ಹುಟ್ಟೇ ಹಂಗೆ.”

“ಸುಮ್ಕೆ ಬತ್ತದಾ? ಅಪ್ಪತ್ತಾ ಪ್ರಾಣ ಹೋಗೋ ಹೊತ್ತಿಗೆ ಕಿವಿಯಾಗೆ ಅವರ ದೇವರ ಹೆಸ್ರ ಊದಿ ಎತ್ಕೊಂಡು ಹೋಗಾಕೆ ಕಾಯ್ತದೆ.”

ಇಷ್ಟನ್ನೂ ನಗುಮೊಗದಿಂದ, ಒಳ್ಳೆಯ ಮಾತಾಡುವ ದನಿಯಲ್ಲಿ. ಸೂಸಮ್ಮ ತಲೆ ಎತ್ತದೆ ಬಟ್ಟೆ ಹಿಂಡುತ್ತಿದ್ದಳು.

ಒಂದು ಬೆಳಗ್ಗೆ ಅವರಿಬ್ಬರೂ ಕಳೆ ಕೀಳುವವರನ್ನು ನೋಡಲು ಗದ್ದೆಗೆ ಹೋಗಿದ್ದರು. ಬಿಸಿನೀರಿನ ಪಾತ್ರೆ ಎರಡು ಕೈಯಲ್ಲಿ ಹಿಡಿದು, ಮೈಮೇಲೆ ಚೆಲ್ಲಿಕೊಳ್ಳದಂತೆ ಹೆಜ್ಜೆ ಇಡುತ್ತ ನಾನು ಕೋಣೆಗೆ ಬಂದೆ. ಸೂಸಮ್ಮ ತಿರುಗಿ ನೋಡಿದಳು.

“ಹದ್ದಿಗೆ ನೀನು ಬಿಸ್ನೀರು ತಂದ್ಯಾ, ಪುಳ್ಳೆ?”

ಕನ್ನಡ. ನಮ್ಮ ಕನ್ನಡ. ನಮ್ಮ ಮನೆಯಲ್ಲಿ ಆಡುವಂಥದ್ದೇ, ಎಳೆತವೂ ಅದೇ; ಮಗು ಅನ್ನುವ ಪುಳ್ಳೆ ಒಂದೇ ತಮಿಳು. ಪಾತ್ರೆ ಕೈಬಿಟ್ಟು ಕಾಲ ಮೇಲೆ ಬೀಳದಿದ್ದದ್ದು ನನ್ನ ಪುಣ್ಯ. ಚಾಪೆಯ ಮೇಲಿನ ಅಪ್ಪತ್ತಾ ಹಲ್ಲಿಲ್ಲದ ಬಾಯಲ್ಲಿ ಕಿಸಕ್ಕೆಂದು ನಕ್ಕಳು. ಮುದುಕಿಗೆ ಮೊದಲೇ ಗೊತ್ತಿತ್ತು.

“ನಿಂಗೆ ನಮ್ಮ ಮಾತು ಬತ್ತದಾ?”

“ಯಾಕೆ ಬರಲ್ಲ? ನಿಮ್ಮೋರ ಗದ್ದೆ ಬದದ ಮೇಲೆ ನಮ್ಮವ್ವ ನನ್ನ ಹೆತ್ತಳು. ಬೈಗುಳ ಮೊದ್ಲು ಕಲ್ತೆ, ಮಾತು ಆಮೇಲೆ ಬಂತು.”

“ಮತ್ತೆ ಅವ್ವ ಹಂಗೆಲ್ಲ ಅಂತದಲ್ಲ, ನೀ ಯಾಕೆ ತಿರುಗಿ ಅನ್ನಲ್ಲ?”

ಅವಳು ಕೈಯೊರೆಸಿಕೊಂಡು ನನ್ನ ಗಲ್ಲ ಹಿಡಿದಳು. ಬೇವಿನ ವಾಸನೆ.

“ಕೇಳು. ನಂಗೆ ತಿಳೀತದೆ ಅಂತ ನಿಮ್ಮವ್ವಂಗೆ ಗೊತ್ತಾದ್ರೆ ಅವಳಿಗೆ ನಾಚ್ಕೆ ಆಯ್ತದೆ. ನಾಚ್ಕೆ ಆದ್ರೆ ನನ್ನ ಒಳಕ್ಕೆ ಬಿಡಲ್ಲ. ನನ್ನ ಬಿಡದಿದ್ರೆ ಈ ಬೆನ್ನು ಕೊಳೀತದೆ. ಯಾರಿಗೂ ಹೇಳ್ಬೇಡ.”

ಹೇಳಲಿಲ್ಲ. ಆದರೆ ಅದು ಸುಲಭವಿತ್ತು ಅಂದುಕೊಳ್ಳಬೇಡಿ. ಮೊದಲು ಬೈಗುಳ ಬರೀ ಗಾಳಿಯಲ್ಲಿ ಹೋಗುತ್ತಿತ್ತು. ಈಗ ಒಂದೊಂದೂ ಹೋಗಿ ತಗಲುವುದನ್ನು ನಾನು ನೋಡಬೇಕಿತ್ತು. ಅವ್ವ ಹದ್ದು ಅಂದಾಗ ಸೂಸಮ್ಮನ ಕುತ್ತಿಗೆಯ ನರ ಸಣ್ಣಗೆ ಎದ್ದು ಇಳಿಯುತ್ತಿತ್ತು. ನೋಡುತ್ತ ನೋಡುತ್ತ ನನಗೆ ಅವ್ವನ ಮೇಲೆ ಸಿಟ್ಟು, ಜಗಲಿಯ ಮೇಲಿನ ಅಪ್ಪನ ಮೇಲೆ ಸಿಟ್ಟು, ಕೊನೆಗೆ ಸೂಸಮ್ಮನ ಮೇಲೂ ಸಿಟ್ಟು. ಆ ನೀರನ್ನು ಅವರ ಮುಖಕ್ಕೆ ಎರಚು ಎಂದು ಒಂದು ದಿನ ಅವಳಿಗೆ ಹೇಳಿದೆ. ಎರಚಿದ್ರೆ ಮತ್ತೆ ಕಾಯಿಸೋರು ಯಾರು ಅಂದಳು. ನಿಮ್ಮ ದೇವರು ಹೀಗೆ ಮಾಡು ಅಂದನಾ ಎಂದು ಕೇಳಿದೆ.

“ನಮ್ಮ ಯೇಸು ಸಾಮಿ ತನ್ನ ಜನರ ಕಾಲು ತೊಳೆದ್ರು. ಕಾಲಷ್ಟೇ. ಮಿಕ್ಕಿದ್ದ ನಮಗೆ ಬಿಟ್ಟು ಹೋದ್ರು” ಅಂದು ಅಪ್ಪತ್ತಾಳ ಸೊಂಟದ ಕೆಳಗೆ ಬಟ್ಟೆ ಎಳೆದಳು.

“ಮೆತ್ತಗೆ ಎಳಿಯೇ. ನಿನ್ನ ಸಾಮಿ ಹಿಂಗೇ ಎಳೆದ್ನಾ?” ಅಂದಳು ಅಪ್ಪತ್ತಾ.

“ಅವರ ಕೈಲಿ ತೊಳೆಸ್ಕೊಂಡೋರು ನಿನ್ನಷ್ಟು ಬಾಯಿ ಮಾಡ್ಲಿಲ್ಲ ಕಣವ್ವ.”

ಇಬ್ಬರೂ ಹೀಗೇ. ಹೊರಗೆ ಹೆಜ್ಜೆ ಸಪ್ಪಳವಾದರೆ ಒಬ್ಬಳು ನರಳುತ್ತಿದ್ದಳು, ಇನ್ನೊಬ್ಬಳು ತಮಿಳಿಗೆ ತಿರುಗುತ್ತಿದ್ದಳು. ಬೆನ್ನು ಮಾತ್ರ ಒಣಗುತ್ತ ಬಂತು. ಮಾದಾಕೋವಿಲ್‌ನವರನ್ನು ನಾನು ದೇವತೆಗಳನ್ನಾಗಿ ಮಾಡುತ್ತಿಲ್ಲ. ಅವರ ಗುಡಿಯೊಳಗೂ ಮೇಲುಜಾತಿಯವರು ಕೂರುವ ಜಾಗ ಬೇರೆ, ಸೂಸಮ್ಮನಂಥವರು ಕೂರುವ ಜಾಗ ಬೇರೆ ಎಂದು ಅವಳೇ ಹೇಳಿದ್ದಳು. ಅಲ್ಲಿಯೂ ಬೈಸಿಕೊಂಡೇ ಕೂರುತ್ತೇನೆ, ಆದರೆ ಬೈಗುಳಕ್ಕೆ ಹೆದರಿ ಸಾಮಿಯನ್ನು ಬಿಡುವುದಿಲ್ಲ ಅಂದಿದ್ದಳು.

ಆಮೇಲೆ ಅತ್ತೆ ಬಂದಳು. ಅಪ್ಪನ ಅಕ್ಕ, ಒಡ್ಡನ್‌ಛತ್ರಂನ ತರಕಾರಿ ಮಂಡಿಯವರ ಮನೆಗೆ ಕೊಟ್ಟಿದ್ದರು. ತರಕಾರಿ ಲಾರಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ಬಂದು, ಇಳಿಯುತ್ತಲೇ ಎದೆ ಬಡಿದುಕೊಂಡು ಅತ್ತಳು. ಅಷ್ಟು ಕಾಲ ತಾಯಿಯನ್ನು ನೋಡಲು ಬಾರದವಳು ಅತ್ತು ಸರಿಮಾಡಿಕೊಂಡಳು. ಕೋಣೆಗೆ ಬಂದು ಹೊದಿಕೆ ಎತ್ತಿ ನೋಡಿ, ಅಳು ನಿಲ್ಲಿಸಿದಳು. ಹುಣ್ಣು ಮಾಯುತ್ತಿತ್ತು, ಉಗುರು ಕತ್ತರಿಸಿತ್ತು, ತಲೆ ಬಾಚಿತ್ತು. ಸೂಸಮ್ಮ ಮೂಲೆಯಲ್ಲಿ ಹಳೆಯ ಬಟ್ಟೆ ಒದ್ದೆ ಮಾಡುತ್ತ ಕೂತಿದ್ದಳು.

“ಚೆಂದಾಗಿ ನೋಡ್ಕೊಂಡಿದ್ದೀರಲ್ಲ” ಅಂದಳು ಅತ್ತೆ.

“ನಾವೇ ಕಣತ್ತಿಗೆ. ನಾನೊಂದ್ಸಲ, ಇವಳೊಂದ್ಸಲ. ನಮ್ಮ ಕೈಯಾರೆ” ಅಂದಳು ಅವ್ವ.

“ಮತ್ತೆ ಇವಳ್ಯಾರು?”

“ಅದಾ? ಹದ್ದು. ಬಟ್ಟೆ ಒಗೆಯಾಕೆ ಬತ್ತದೆ. ಉಳಿದ ಅನ್ನ ಹಾಕ್ತೀವಿ, ತಿಂದು ಹೋಯ್ತದೆ” ಅಂದಳು ಚಿಕ್ಕವ್ವ.

ನಮ್ಮ ಮನೆಯ ಒಂದು ಅಗುಳು ಆ ಹೆಂಗಸು ಬಾಯಿಗಿಟ್ಟಿರಲಿಲ್ಲ. ಯಾರಿಗೂ ಹೇಳ್ಬೇಡ ಅಂದಿದ್ದಳು, ಹಲ್ಲು ಕಚ್ಚಿದೆ. ಬಾಯಿ ಬಿಟ್ಟವಳು ಅಪ್ಪತ್ತಾ. ಪ್ರೀತಿಯಿಂದಲ್ಲ, ಅವಳಿಗೆ ಪ್ರೀತಿ ಬರುತ್ತಿರಲಿಲ್ಲ. ಸುಳ್ಳು ಕೇಳಿದರೆ ಮೈ ಉರಿಯುತ್ತಿತ್ತು, ಅಷ್ಟೇ.

“ಏ ಸೂಸಿ. ಇವರಿಗೆ ಹೇಳು, ನನ್ನ ತೊಳೆಯೋರು ಯಾರು ಅಂತ. ನಮ್ಮ ಮಾತಾಗೇ ಹೇಳು.”

ಸೂಸಮ್ಮ ಒದ್ದೆ ಬಟ್ಟೆ ಪಕ್ಕಕ್ಕಿಟ್ಟಳು. ಇವರು ಆಡಿದ ಒಂದೊಂದು ಮಾತನ್ನೂ ಎತ್ತಿ ಕೊಡಬಹುದಿತ್ತು ಅವಳು. ಚಿಕ್ಕವ್ವ ಅವ್ವನ ಬಗ್ಗೆ ಆಡಿದ್ದು, ಅವ್ವ ಅತ್ತೆಯ ಬಗ್ಗೆ ಆಡಿದ್ದು, ಎಲ್ಲ ಅವಳ ಕಿವಿಯಲ್ಲಿತ್ತು. ಅವಳು ಪಾತ್ರೆಯೊಳಗೆ ಬೆರಳು ಅದ್ದಿ ನೋಡಿ, ಅವ್ವನ ಕಡೆ ತಲೆ ಎತ್ತಿದಳು.

“ನೀರು ಆರೋಯ್ತವ್ವ. ಇನ್ನೊಂಚೂರು ಬಿಸ್ನೀರು ಕೊಡ್ತೀಯಾ?”

ಅಷ್ಟೇ ಅಂದದ್ದು. ಕನ್ನಡದಲ್ಲಿ. ಅವ್ವನ ಸೆರಗು ಮೂಗಿನಿಂದ ಜಾರಿತು.

ಸೂಸಮ್ಮ ಹೇಳಿದಂತೆಯೇ ಆಯಿತು. ಮೊದಲು ನಾಚಿಕೆ, ಆಮೇಲೆ ಆ ನಾಚಿಕೆಯೇ ಕೋಪವಾಗಿ ಅವಳ ಮೇಲೆ ತಿರುಗಿತು. ಕಳ್ಳಕಿವಿ ಇಟ್ಟುಕೊಂಡು ಮನೆಯ ಗುಟ್ಟೆಲ್ಲ ಕದ್ದಳು ಅಂದರು. ಬಾಯಿ ತಮ್ಮದು, ಕಳ್ಳತನ ಅವಳ ಕಿವಿಯದು. ನಾಳೆಯಿಂದ ಬರಬೇಡ ಎಂದು ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದ. ಅವಳು ಬೇವಿನ ಸೊಪ್ಪಿನ ಕಟ್ಟನ್ನು ನನ್ನ ಕೈಗೆ ಕೊಟ್ಟು ಹೋದಳು. ಅತ್ತೆ ಅದೇ ಲಾರಿಯಲ್ಲಿ ಊರಿಗೆ ಹೋದಳು. ತಾಯಿಯ ಬೆನ್ನಿನ ಯೋಚನೆಯನ್ನು ಇಲ್ಲೇ ಇಳಿಸಿ ಹೋದಳು. ನಾನು ಸೊಪ್ಪು ಕಾಯಿಸಿದೆ, ಒರೆಸಿದೆ. ಅಪ್ಪತ್ತಾಳನ್ನು ಮಗ್ಗುಲು ಮಾಡುವ ಶಕ್ತಿ ನನ್ನ ತೋಳಿಗೆ ಇರಲಿಲ್ಲ. ಒಲೆಯ ಮುಂದೆ ಮತ್ತೆ ಅದೇ ಜಗಳ. ಮಾಯುತ್ತಿದ್ದ ಹುಣ್ಣು ಮತ್ತೆ ಬಾಯಿ ತೆರೆಯಿತು. ನಾತ ನಡುಮನೆಗೆ ಬಂತು, ಸೈಕಲ್ಲಿನವರೆಗೂ ಬಂತು.

ಆಗ ಅಪ್ಪ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ನಗುವುದೋ ಉಗಿಯುವುದೋ ತಿಳಿಯುವುದಿಲ್ಲ. ಮಡಿ ಪಂಚೆ ಉಟ್ಟು ಮಾದಾಕೋವಿಲ್ ಬೀದಿಗೆ ಹೋದ. ನನ್ನನ್ನೂ ಕರೆದುಕೊಂಡು ಹೋದ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲವೋ ಏನೋ. ಬೇವಿನ ಮರದ ಕೆಳಗೆ ಸೂಸಮ್ಮ ಮತ್ತೆ ನಾಲ್ಕಾರು ಹೆಂಗಸರು ಹುಣಸೆಹಣ್ಣು ಬಿಡಿಸುತ್ತಿದ್ದರು. ಅಪ್ಪ ಅವಳ ಮುಖ ನೋಡದೆ ಮರಕ್ಕೆ ಹೇಳಿದಂತೆ ಹೇಳಿದ:

“ಯಾರನ್ನಾದ್ರೂ ಕಳಿಸಿ. ಕನ್ನಡ ಬಾರದೋಳ ಕಳಿಸಿ.”

ಕ್ಷಮಿಸು ಅನ್ನಲಿಲ್ಲ. ತನ್ನ ಮನೆಯವರ ಬಾಯಿ ಮುಚ್ಚಿಸುತ್ತೇನೆ ಅನ್ನಲಿಲ್ಲ. ಬೈದರೆ ತಿಳಿಯದವಳು ಬೇಕು, ಅಷ್ಟೇ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೂಗಿನಲ್ಲಿ ನಕ್ಕಳು. ಸೂಸಮ್ಮ ಹುಣಸೆಬೀಜ ಪಕ್ಕಕ್ಕೆ ಹಾಕಿ, ಬೆನ್ನು ಹೇಗಿದೆ ಎಂದು ನನ್ನನ್ನು ತಮಿಳಿನಲ್ಲಿ ಕೇಳಿದಳು. ಬಾಯಿ ಬಿಟ್ಟಿದೆ ಅಂದೆ. ಅವಳು ಪಕ್ಕದ ಹುಡುಗಿಯ ತೊಡೆ ತಟ್ಟಿದಳು. ಜಯರಾಣಿ, ಆಂಡಿಪಟ್ಟಿ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದವಳು, ಒಂದಕ್ಷರ ಕನ್ನಡ ಬಾರದವಳು.

ಜಯರಾಣಿ ಬಂದಳು. ಬೇವಿನ ಸೊಪ್ಪು ತಂದಳು, ಬಾಳೆಸುಳಿ ಕೊಯ್ದಳು, ಮೊಣಕಾಲು ಮಡಿಸಿ ಭುಜಕ್ಕೆ ಕೈ ಕೊಟ್ಟಳು. ಎಲ್ಲ ಸೂಸಮ್ಮನ ಕೈಯೇ. ಅವ್ವನೂ ಚಿಕ್ಕವ್ವನೂ ಬಾಗಿಲಲ್ಲಿ ನಿಂತು ಅವಳನ್ನು ಪರೀಕ್ಷೆ ಮಾಡಿದರು. ನಿನ್ನ ಗಂಡ ಸಾಯ, ನಿನ್ನ ಮೂಗು ಸೋರೆಬುರುಡೆ ಎಂದು ಸಿಹಿಯಾಗಿ ಅಂದರು. ಹುಡುಗಿಯ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಗೆದ್ದವರಂತೆ ಒಬ್ಬರನ್ನೊಬ್ಬರು ನೋಡಿಕೊಂಡರು.

“ಪಾಪ, ಈ ಹದ್ದಿಗೆ ಏನೂ ತಿಳಿಯಲ್ಲ” ಅಂದಳು ಚಿಕ್ಕವ್ವ.

ಜಯರಾಣಿ ತಟ್ಟನೆ ತಲೆ ಎತ್ತಿದಳು.

“ಸುಡುತಣ್ಣಿ ಕುಡುಂಗಮ್ಮಾ.”

ಅವ್ವ ಬಿಸಿನೀರು ತಂದಿಟ್ಟಳು. ಮಾರನೆಯ ದಿನವೂ ಹಾಗೆಯೇ. ಯಾರಾದರೂ ಹದ್ದು ಅಂದರೆ ಸಾಕು, ಜಯರಾಣಿ ಬಿಸಿನೀರು ಕೇಳುತ್ತಿದ್ದಳು. ಇದೇನು ಇವಳಿಗೆ ಇಷ್ಟೊಂದು ನೀರು ಬೇಕು ಎಂದು ಅವ್ವ ಗೊಣಗುತ್ತಿದ್ದಳು, ಆದರೆ ತಂದುಕೊಡುತ್ತಿದ್ದಳು. ನಾನು ಒಬ್ಬಳೇ ಇದ್ದಾಗ ಜಯರಾಣಿಯನ್ನು ಕೇಳಿದೆ. ಅವಳು ತಮಿಳಿನಲ್ಲಿ ಹೇಳಿದಳು: ಸೂಸಿ ಅಕ್ಕ ನಾಲ್ಕು ಮಾತು ಹೇಳಿಕೊಟ್ಟಿದ್ದಾಳೆ. ನೀರು ಅಂದರೆ ಕುಡಿಸು, ನೋವು ಅಂದರೆ ನಿಲ್ಲಿಸು, ಮಗ್ಗುಲು ಅಂದರೆ ತಿರುಗಿಸು. ಬಾಗಿಲಲ್ಲಿ ಯಾರಾದರೂ ಹದ್ದು ಅಂದರೆ ಬಿಸಿನೀರು ಕೇಳು, ಆಗ ಅವರು ಅಲ್ಲಿಂದ ಒಲೆಯ ಹತ್ತಿರ ಹೋಗುತ್ತಾರೆ. ಹದ್ದು ಅಂದರೆ ಏನು ಎಂದು ಅವಳಿಗೆ ಗೊತ್ತಿರಲಿಲ್ಲ. ಕೇಳಿದಳು. ಅದು ದೊಡ್ಡ ಹಕ್ಕಿ ಅಂದೆ.

ಭತ್ತದ ಕುಯ್ಲಿನ ಹೊತ್ತಿಗೆ ಅಪ್ಪತ್ತಾ ಹೋದಳು. ಕೊನೆಯ ಸ್ನಾನಕ್ಕೆ ಮೈ ತೆರೆದಾಗ ಯಾರೂ ಮೂಗು ಮುಚ್ಚಬೇಕಾಗಲಿಲ್ಲ. ಹೂವಿನಂಗೆ ನೋಡ್ಕೊಂಡ್ರಿ ಎಂದು ಅತ್ತೆ ಇಬ್ಬರು ಸೊಸೆಯರನ್ನೂ ಹಾಡಿ ಹೊಗಳಿ ಅತ್ತಳು. ಸೊಸೆಯರು ಹೊಗಳಿಸಿಕೊಂಡು ಅತ್ತರು. ಕೋಣೆಯನ್ನು ಗುಡಿಸಿ ಹತ್ತಿಬೀಜದ ಮೂಟೆಗಳನ್ನು ಮತ್ತೆ ಜೋಡಿಸಿದರು. ಆಮೇಲೆ ಒಂದು ದಿನ ಸೂಸಮ್ಮ ಕಾಲುವೆಯ ಮೆಟ್ಟಿಲಲ್ಲಿ ಸಿಕ್ಕಳು.

“ಬೆನ್ನು ಒಣಗಿತ್ತಾ, ಪುಳ್ಳೆ?”

“ಒಣಗಿತ್ತು.”

“ಸರಿ” ಅಂದು ಬಟ್ಟೆ ಕಲ್ಲಿಗೆ ಬಡಿದಳು.

ಅವತ್ತಿನಿಂದ ನಾನು ಯಾರ ಬಗ್ಗೆ ಏನು ಅನ್ನಬೇಕಾದರೂ ಅವರಿಗೆ ತಿಳಿಯುವ ಭಾಷೆಯಲ್ಲೇ ಅಂದಿದ್ದೇನೆ. ಇದರಿಂದ ನನಗೆ ಆಗದವರು ಬಹಳ. ಗಂಡನ ಮನೆಯಲ್ಲಿ ನನ್ನನ್ನು ಬಾಯಿಬಡುಕಿ ಅಂದರು. ಅನ್ನಲಿ.

ಈಗ ತೇನಿಯಲ್ಲಿ ಮೊಮ್ಮಗನ ಮನೆಯಲ್ಲಿದ್ದೇನೆ. ಹೋದ ತಿಂಗಳು ಕಾಲು ಊದಿ ಹುಣ್ಣಾಗಿ ಆಸ್ಪತ್ರೆಯಲ್ಲಿದ್ದಾಗ ಬೇರೆ ಯಾವುದೋ ಮಾದಾಕೋವಿಲ್‌ನ ಹೆಂಗಸರು ವಾರ್ಡಿನಲ್ಲೆಲ್ಲ ಗಂಜಿ ಹಂಚಿದರು, ದಿಕ್ಕಿಲ್ಲದ ಒಬ್ಬ ಮುದುಕನ ಹಾಸಿಗೆ ಬದಲಿಸಿದರು. ಮನೆಗೆ ಬಂದ ಮೇಲೆ ಮೊಮ್ಮಗ ಸೋಫಾದ ಮೇಲೆ ಕೂತು ಫೋನಿನಲ್ಲಿ ಗೆಳೆಯನಿಗೆ ತಮಿಳಿನಲ್ಲಿ ಹೇಳುತ್ತಿದ್ದ: ಅವರು ಸುಮ್ಮನೆ ಬರ್ತಾರಾ, ಮತಕ್ಕೆ ಆಳು ಹಿಡಿಯೋಕೆ ಬರ್ತಾರೆ, ಹೆಣ ಕಂಡ ಕಳುಗು ಥರ. ಕಳುಗು ಅಂದರೆ ತಮಿಳಿನಲ್ಲಿ ಹದ್ದು. ಅವನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ಬರುವುದಿಲ್ಲ. ಆ ಮಾತನ್ನು ನಾವು ಅವನಿಗೆ ಕಲಿಸಿರಲಿಲ್ಲ. ಆದರೂ ಅವನ ಬಾಯಿಗೆ ಅದೇ ಹಕ್ಕಿ ಬಂತು.

“ಎದ್ದೋಗು, ಬಿಸ್ನೀರು ಕಾಯ್ಸು” ಅಂದೆ.

“ಯೇನ್ ಪಾಟಿ?” ಅಂದ, ಯಾಕಜ್ಜಿ ಅಂತ.

“ಯಾರಾರ ಹದ್ದು ಅಂದ್ರೆ ನಮ್ಮನೇಲಿ ಮೊದ್ಲು ಬಿಸ್ನೀರು ಕೊಡ್ಬೇಕು. ಏಳು.”

ತಂದ. ಗೊಣಗುತ್ತ ಬೇಸಿನ್ನು ನನ್ನ ಮುಂದೆ ಇಟ್ಟ. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಊದಿದ ಕಾಲನ್ನು ಅವನ ಮುಂದೆ ಚಾಚಿದೆ. ಆಸ್ಪತ್ರೆಯ ಪ್ಲಾಸ್ಟರಿನ ಅಂಟು, ಒಸರಿದ ಕೀವು, ಎಲ್ಲ ಇತ್ತು ಅದರಲ್ಲಿ. ತೊಳಿ ಅಂದೆ. ಅವನು ಮಂಡಿ ಊರಿದ. ಒಂದು ಕೈ ನೀರಿಗೆ ಹಾಕಿದ, ಇನ್ನೊಂದು ಕೈ ತನ್ನಷ್ಟಕ್ಕೆ ಮೂಗಿಗೆ ಹೋಯಿತು.

“ಆ ಕೈನೂ ಇಳಿಸು” ಅಂದೆ.